ಹಡಗಿನಲ್ಲೇನು ಬಂತು?

ಕಡಲ ತಡಿಯಲ್ಲಿ ನಿಂತು ಹಡಗನ್ನು ನೋಡುವವರಲ್ಲಿ ಎರಡು ಬಗೆಯವರಿದ್ದಾರೆ. ಸಂಜೆಯ ಗಾಳಿಗೆಂದು ಬಂದು ಮರಳಿನ ಮೇಲೆ ಕುಳಿತವರು ಒಂದು ಬಗೆ. ನೀರೂ ಬಾನೂ ಕೂಡುವಲ್ಲಿ ಒಂದು ಕಪ್ಪು ಗೆರೆ ಕಂಡೊಡನೆ 'ಎಲ್ಲಿಗೆ ಹೋಗುತ್ತಿದೆಯೋ!' ಎಂಬ ಉದ್ಗಾರ ಅವರ ಬಾಯಿಂದ ಹೊರಡುತ್ತದೆ. ಆ ಉದ್ಗಾರದಲ್ಲಿ ಒಂದಿಷ್ಟು ಹಂಬಲ, ಒಂದಿಷ್ಟು ವಿಷಾದ, ಒಂದಿಷ್ಟು ತತ್ತ್ವ ಬೆರೆತಿರುತ್ತವೆ. ಧಕ್ಕೆಯಲ್ಲಿ ದುಡಿಯುವವರು ಇನ್ನೊಂದು ಬಗೆ. ಹಡಗು ಎಲ್ಲಿಗೆ ಹೋಗುತ್ತದೆಂಬುದು ಅವರಿಗೆ ಅಷ್ಟು ಮುಖ್ಯವಲ್ಲ. 'ಏನು ಬಂತು?' ಎಂಬುದೇ ಅವರ ಮೊದಲ ಪ್ರಶ್ನೆ. ಉಪ್ಪೋ, ಕಲ್ಲಿದ್ದಲೋ, ಗೇರುಬೀಜವೋ, ಗೊಬ್ಬರವೋ ಎಂಬುದನ್ನು ಅವಲಂಬಿಸಿ ಅವರ ಬೆನ್ನಿನ ನೋವೂ ಮನೆಯ ಅನ್ನವೂ ನಿಶ್ಚಯವಾಗುತ್ತವೆ.

ನಮ್ಮ ಸಾಹಿತ್ಯ ಕಡಲನ್ನು ಕುರಿತು ಬರೆದಾಗಲೆಲ್ಲ ಬಹುಮಟ್ಟಿಗೆ ಮೊದಲನೆಯ ಪ್ರಶ್ನೆಯನ್ನೇ ಕೇಳಿದೆ. ಎರಡನೆಯದನ್ನು ಕೇಳಿದ್ದು ಅಪರೂಪ. 300 ಕಿಲೋಮೀಟರಿಗೂ ಮೀರಿದ ಕರಾವಳಿಯುಳ್ಳ ನಾಡಿನ ಸಾಹಿತ್ಯದಲ್ಲಿ ಅಲೆಗಳಿವೆ, ಸೂರ್ಯಾಸ್ತಗಳಿವೆ, ಅನಂತತೆಯಿದೆ. ಹಡಗಿನ ಒಡಲಿನಲ್ಲಿದ್ದ ಸರಕು ಮಾತ್ರ ಕಾಣುವುದಿಲ್ಲ. ಇದು ಕೇವಲ ವಿವರದ ಕೊರತೆಯೆಂದು ತಳ್ಳಿಹಾಕುವಂತಿಲ್ಲ. ಇದೊಂದು ನೋಟದ ಕೊರತೆ. ಅದರಿಂದ ಕಾವ್ಯಕ್ಕೂ ನಷ್ಟವಾಗಿದೆ, ಕರಾವಳಿಯ ಬದುಕಿಗೂ ನಷ್ಟವಾಗಿದೆ ಎಂಬುದೇ ಈ ಲೇಖನದ ವಾದ.

ದಡದಲ್ಲಿ ನಿಂತು ಹಡಗನ್ನು ನೋಡಿದವರ ಕತೆಗಳಲ್ಲೆಲ್ಲ ನಮ್ಮ ಜನಕ್ಕೆ ಅತ್ಯಂತ ಪರಿಚಿತವಾದುದು ಉಡುಪಿಯ ಕೃಷ್ಣನ ಐತಿಹ್ಯ. ಮಧ್ವಾಚಾರ್ಯರು ಮಲ್ಪೆಯ ಕಡಲ ತೀರದಲ್ಲಿದ್ದಾಗ ಬಿರುಗಾಳಿಗೆ ಸಿಕ್ಕಿದ ಹಡಗೊಂದು ಕಣ್ಣಿಗೆ ಬಿತ್ತು, ಆಚಾರ್ಯರು ತಮ್ಮ ವಸ್ತ್ರವನ್ನು ಬೀಸಿ ಅದಕ್ಕೆ ದಾರಿ ತೋರಿದರು, ಹಡಗು ಉಳಿಯಿತು. ಒಡೆಯನು ಬೇಕಾದ್ದನ್ನು ಕೇಳಿರೆಂದಾಗ ಅವರು ಬಯಸಿದ್ದು, ದ್ವಾರಕೆಯ ಕಡೆಯಿಂದ ಹಡಗಿನಲ್ಲಿ ಬಂದಿದ್ದ ಗೋಪೀಚಂದನದ ಹೆಂಟೆಯನ್ನು. ಅದರೊಳಗೆ ಕೃಷ್ಣನ ವಿಗ್ರಹವಿತ್ತು. ಭಕ್ತರು ಈ ಕತೆಯನ್ನು ಪವಾಡವೆಂದು ಕೇಳುತ್ತಾರೆ, ಕೇಳಲಿ. ಸಾಹಿತ್ಯದ ವಿದ್ಯಾರ್ಥಿಗೆ ಇದರಲ್ಲಿ ಬೇರೊಂದು ಸ್ವಾರಸ್ಯವಿದೆ. ದಡದಲ್ಲಿ ನಿಂತವರು ಇಲ್ಲಿ ಬರಿದೆ ನೋಡುತ್ತ ನಿಲ್ಲಲಿಲ್ಲ. ಹಡಗಿನ ಕಷ್ಟವನ್ನು ಗುರುತಿಸಿ ಕೈಬೀಸಿದರು. ಅನಂತರ ಅವರ ದೃಷ್ಟಿ ಹೋದದ್ದು ಹಡಗಿನ ಪಟಕ್ಕಲ್ಲ, ಅದರ ತಳದಲ್ಲಿದ್ದ ಮಣ್ಣಿನ ಹೆಂಟೆಗೆ. ದೇವರು ಸಿಕ್ಕಿದ್ದು ಕ್ಷಿತಿಜದಲ್ಲಲ್ಲ, ಸರಕಿನಲ್ಲಿ. ಇಂಥ ಕತೆಯನ್ನು ಕಟ್ಟಿದ ಕರಾವಳಿಯೇ ತನ್ನ ಕಾವ್ಯದಲ್ಲಿ ಸರಕನ್ನು ಮರೆತದ್ದು ವಿಚಿತ್ರವಲ್ಲವೆ?

ಮರೆತದ್ದಕ್ಕೆ ಕಾರಣವೂ ಉಂಟು. ನಮ್ಮ ಹಳೆಯ ಕಾವ್ಯಕ್ಕೆ ಕಡಲು ಬಂದದ್ದು ಕಡಲಿನಿಂದಲ್ಲ, ಶಾಸ್ತ್ರದಿಂದ. ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರವರ್ಣನೆಯೂ ಒಂದು. ಬನವಾಸಿಯ ಕವಿಯೂ ಬರೆಯಬೇಕು, ಬಯಲುಸೀಮೆಯ ಕವಿಯೂ ಬರೆಯಬೇಕು. ಕಡಲನ್ನು ಕಾಣದವನೂ ಅದರ ಮುತ್ತು, ಹವಳ, ತಿಮಿಂಗಿಲಗಳನ್ನು ಎಣಿಸಬಲ್ಲವನಾಗಿದ್ದ. ಅನಂತರ ಭಕ್ತಿಯ ಕಾಲ ಬಂತು, ಸಂಸಾರವೇ ಸಾಗರವಾಯಿತು. ಪುರಂದರದಾಸರ ಕೀರ್ತನೆಯಲ್ಲಿ ದೇವರು ಅಂಬಿಗನಾದ, ದೇಹ ದೋಣಿಯಾಯಿತು. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನು ತಾನೇ ದೋಣಿ ನಡೆಸುತ್ತಿದ್ದವನೆಂದು ಹೆಸರಾದವನು. ಅವನ ಮಾತಿನಲ್ಲಿರುವ ಹುಟ್ಟಿನ ಪೆಟ್ಟನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅವನದು ಹೊಳೆ. ನಮ್ಮ ರೂಪಕದ ದೋಣಿಗಳೆಲ್ಲ ಒಂದು ದಡದಿಂದ ಇನ್ನೊಂದು ದಡಕ್ಕೆ ಜನರನ್ನು ದಾಟಿಸುವ ಹೊಳೆಯ ದೋಣಿಗಳು. ಸರಕು ಹೇರಿಕೊಂಡು ತಿಂಗಳುಗಟ್ಟಲೆ ನೀರಿನ ಮೇಲಿದ್ದು, ಪರಭಾಷೆಯ ಬಂದರಿನಲ್ಲಿ ಬೆಲೆ ಕುದುರಿಸಿ, ಮಳೆಗಾಲಕ್ಕೆ ಮುಂಚೆ ಊರು ಸೇರಬೇಕಾದ ಹಡಗಿನ ಅನುಭವ ಅವುಗಳಲ್ಲಿ ಇಲ್ಲ.

ಹೊಸಗನ್ನಡದ ಕಾಲಕ್ಕೆ ಬಂದರೆ ಕಡಲ ಸೀಮೆಯಲ್ಲೇ ಹುಟ್ಟಿದ ದೊಡ್ಡ ಲೇಖಕರು ಸಿಗುತ್ತಾರೆ. ಪಂಜೆ ಮಂಗೇಶರಾಯರು ತೆಂಕಣ ಗಾಳಿಯ ಆಟವನ್ನು ಕುರಿತ ಪದ್ಯದಲ್ಲಿ ಗಾಳಿಯ ಸದ್ದನ್ನೇ ಶಬ್ದಗಳಲ್ಲಿ ಹಿಡಿದರು. ಆ ಸದ್ದನ್ನು ಕಿವಿಯಾರೆ ಕೇಳಿದವರಲ್ಲದೆ ಬೇರೆಯವರು ಅದನ್ನು ಬರೆಯಲಾರರು. ಮೊಗೇರಿಯ ಗೋಪಾಲಕೃಷ್ಣ ಅಡಿಗರ 'ಯಾವ ಮೋಹನ ಮುರಳಿ'ಯಲ್ಲಿ ದೂರದ ತೀರದ ಸೆಳೆತ ಒಂದು ತಲೆಮಾರಿನ ಮನಸ್ಸಿನ ತುಮುಲಕ್ಕೇ ಹೆಸರಾಯಿತು. ಈ ಪದ್ಯಗಳ ಹಿರಿಮೆಯನ್ನು ಪ್ರಶ್ನಿಸುವುದು ನಮ್ಮ ಉದ್ದೇಶವಲ್ಲ. ಆದರೆ ಒಂದು ಮಾತನ್ನು ಗಮನಿಸಬೇಕು. ಅಡಿಗರ ತೀರವನ್ನು ಯಾವ ಭೂಪಟದಲ್ಲಿಯೂ ಗುರುತಿಸಲಾಗದು. ಅದು ಹೃದಯದ ತೀರ. ಅದೇ ಅದರ ಶಕ್ತಿ. ಆ ಶಕ್ತಿಗೆ ಮಾರುಹೋಗಿ ಹಿಂದೆ ಬಂದವರಿಗೆ ಮಾತ್ರ ಕಡಲೆಂದರೆ ಅಸ್ಪಷ್ಟ ಹಂಬಲದ ಇನ್ನೊಂದು ಹೆಸರೆಂಬಂತಾಯಿತು. ಗುರುವಿನ ಕೈಯಲ್ಲಿ ಬೆಳಕಾಗಿದ್ದುದು ಶಿಷ್ಯರ ಕೈಯಲ್ಲಿ ಮಂಜಾಯಿತು.

ಕಡಲು ಅನಂತದ ಗುರುತಾಗಿ ಮಾತ್ರ ಕಾಣುವುದು ಅತಿಥಿಯ ನೋಟ. ರವೀಂದ್ರನಾಥ ಠಾಕೂರರು 1883ರಲ್ಲಿ ಕಾರವಾರಕ್ಕೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಅಲ್ಲಿ ನ್ಯಾಯಾಧೀಶರು. ಇಪ್ಪತ್ತೆರಡರ ತರುಣ ಕವಿ ಅಲ್ಲಿ 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕವನ್ನು ಬರೆದರು. ಸೀಮಿತದಲ್ಲಿಯೇ ಅಸೀಮವು ಸಿಗಬೇಕೆಂಬ, ಮುಂದೆ ಅವರ ಜೀವನದ ದರ್ಶನವೇ ಆದ ಭಾವ ಅದರಲ್ಲಿ ಮೊಳೆಯಿತು. ಕಾರವಾರದ ಅರ್ಧಚಂದ್ರಾಕಾರದ ದಂಡೆ ಇದಕ್ಕೆ ನೆರವಾಯಿತೆಂದು ನಾವು ಹೆಮ್ಮೆಪಡುತ್ತೇವೆ, ಪಡಬೇಕಾದ್ದೇ. ಆದರೆ ಆ ಕಾಲದ ಕಾರವಾರ ಹತ್ತಿಯ ಬೇಲುಗಳನ್ನು ಮುಂಬಯಿಗೆ ಕಳಿಸುವ ಆಸೆಯಿಂದ ಬೆಳೆಸಿದ ಬಂದರು. ಆಗಬೋಟು ಬಂದು ನಿಲ್ಲುತ್ತಿದ್ದ ಊರು. ಅತಿಥಿಗೆ ಅದು ಕಾಣಬೇಕಾಗಿರಲಿಲ್ಲ. ಮನೆಯವರಾದ ನಮಗೂ ಕಾಣದೆ ಹೋದರೆ, ನಾವು ನಮ್ಮ ಮನೆಯಲ್ಲಿಯೇ ಅತಿಥಿಗಳಾದಂತೆ.

ಈ ಮಾತಿಗೆ ಶಿವರಾಮ ಕಾರಂತರನ್ನು ಮುಂದಿಟ್ಟು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ಯೋಗ್ಯವಾದದ್ದೇ. 'ಮರಳಿ ಮಣ್ಣಿಗೆ' ಕೋಟದ ಸಮೀಪದ ಕೋಡಿಯಲ್ಲಿ, ಕಡಲಿಗೂ ಹೊಳೆಗೂ ನಡುವಣ ಉಸುಕು ನೆಲದಲ್ಲಿ ನಡೆಯುವ ಮೂರು ತಲೆಮಾರುಗಳ ಕತೆ. ಅಲ್ಲಿಯ ಉಪ್ಪುಗಾಳಿ, ಗದ್ದೆಗೆ ನುಗ್ಗುವ ನೀರು, ಹೆಂಗಸರ ಮೈಮುರಿಯುವ ದುಡಿಮೆ, ಇವನ್ನು ಕಾರಂತರಷ್ಟು ನಿಷ್ಠುರವಾಗಿ ಕನ್ನಡದಲ್ಲಿ ಬರೆದವರಿಲ್ಲ. ಕಡಲಿನ ಮೊರೆತ ಆ ಕಾದಂಬರಿಯ ಉದ್ದಕ್ಕೂ ಶ್ರುತಿಯಂತೆ ಕೇಳಿಸುತ್ತದೆ. ಅಷ್ಟಾಗಿಯೂ ಕೃತಿಯ ಹೆಸರನ್ನೇ ನೋಡಿ. ಮರಳುವುದು ಮಣ್ಣಿಗೆ. ಮನೆಯ ಬಾಗಿಲಿನಲ್ಲೇ ಕಡಲಿದ್ದರೂ ರಾಮ ಐತಾಳರ ಕುಟುಂಬದ ಭಾಗ್ಯ ನಿಂತಿರುವುದು ಗದ್ದೆಯ ಮೇಲೆ, ಪೌರೋಹಿತ್ಯದ ಮೇಲೆ, ಇಂಗ್ಲಿಷ್ ಓದಿನ ಮೇಲೆ. ನೆರೆಯ ಶೀನಮಯ್ಯನ ಮನೆಯವರದು ಬೆಂಗಳೂರಿನ ಹೋಟೆಲಿನ ಮೇಲೆ. ಕಡಲು ಅವರಿಗೆ ನೆರೆಮನೆಯಷ್ಟು ಹತ್ತಿರ, ಆದರೆ ಬಳಕೆಯಿಲ್ಲದ ನೆರೆಮನೆ. ಇದು ಕಾರಂತರ ದೋಷವಲ್ಲ. ಆ ಸಮಾಜದ ಸತ್ಯ. ಅವರು ತಾವು ಕಂಡ ಸತ್ಯವನ್ನು ಬರೆದರು. ಅವರು ಬರೆಯದೆ ಉಳಿದದ್ದನ್ನು ಬರೆಯಬೇಕಾದವರು ಬೇರೆಯವರು.

ಹಾಗಾದರೆ ಬೇರೆಯವರು ಏಕೆ ಬರೆಯಲಿಲ್ಲ? ಇಲ್ಲಿ ಸ್ವಲ್ಪ ಸಾಮಾಜಿಕ ಚರಿತ್ರೆಯನ್ನು ನೆನೆಯಬೇಕಾಗುತ್ತದೆ. ನಮ್ಮ ಕರಾವಳಿಯಲ್ಲಿ ಬರೆಯುವವರು ಒಂದು ವರ್ಗ, ಕಡಲಿಗಿಳಿಯುವವರು ಇನ್ನೊಂದು ವರ್ಗ. ಬರೆಯುವ ವರ್ಗಕ್ಕೆ ಕಡಲು ದಾಟುವುದು ನಿಷಿದ್ಧ. ಇಲ್ಲವೆ, ನಿಷೇಧ ಹೋದ ಮೇಲೂ, ಅನಗತ್ಯ. ಕಡಲಿಗಿಳಿದವರು ಮೊಗವೀರರು, ಖಾರ್ವಿಗಳು, ಹರಿಕಾಂತರು, ಬ್ಯಾರಿಗಳು, ಭಟ್ಕಳದ ನವಾಯತರು. ಅವರ ಮನೆಯ ನುಡಿ ತುಳು, ಕೊಂಕಣಿ, ಬ್ಯಾರಿ, ನವಾಯತಿ, ಕುಂದಾಪುರದ ಕಡೆಗೆ ಅಲ್ಲಿಯ ಕನ್ನಡ. ಗಾಳಿಯ ದಿಕ್ಕಿಗೊಂದು, ನೀರಿನ ಬಣ್ಣಕ್ಕೊಂದು, ಬಲೆಯ ಕಣ್ಣಿನ ಅಳತೆಗೊಂದು ಮಾತು ಅವರಲ್ಲಿತ್ತು. ಆ ಮಾತು ಗ್ರಂಥಸ್ಥ ಕನ್ನಡಕ್ಕೆ ಬರಲಿಲ್ಲ. ಹೀಗೆ ಅನುಭವವಿದ್ದವರಿಗೆ ಲೇಖನಿ ಇಲ್ಲ, ಲೇಖನಿಯಿದ್ದವರಿಗೆ ಅನುಭವ ಇಲ್ಲ ಎಂಬಂತಾಯಿತು.

ಆದರೆ ಲೇಖನಿ ಇಲ್ಲದವರಿಗೆ ಸಾಹಿತ್ಯವೇ ಇರಲಿಲ್ಲವೆಂದಲ್ಲ. ತುಳುವಿನ ಪಾಡ್ದನಗಳಲ್ಲಿ ಬೊಬ್ಬರ್ಯನ ಕತೆಯಿದೆ. ಮುಸಲ್ಮಾನ ವ್ಯಾಪಾರಿಯೊಬ್ಬನ ಮಗ. ಹಡಗಿನಲ್ಲಿ ವ್ಯಾಪಾರಕ್ಕೆ ಹೋದವನು. ಕಡಲಿನಲ್ಲಿ ಮಡಿದು ದೈವವಾದವನು. ಪಾಠಾಂತರಗಳು ಹಲವಿದ್ದರೂ ಕತೆಯ ತಿರುಳು ಇದು. ಮೊಗವೀರರು ಅವನನ್ನು ಇಂದಿಗೂ ನಂಬಿ ನಡೆಯುತ್ತಾರೆ. ಕಡಲ ತಡಿಯ ಉದ್ದಕ್ಕೂ ಅವನ ಗುಡಿಗಳಿವೆ. ಹಿಂದೂ ಬೆಸ್ತರು ಆರಾಧಿಸುವ ಮುಸಲ್ಮಾನ ನಾವಿಕ! ಇಂಥ ಕಲ್ಪನೆ ದಡದಲ್ಲಿ ಕುಳಿತವರಿಗೆ ಹೊಳೆಯುವಂಥದಲ್ಲ. ಬಿರುಗಾಳಿಯಲ್ಲಿ ಒಂದೇ ಹಲಗೆಯನ್ನು ಹಿಡಿದವರಿಗೆ ಮಾತ್ರ ಹೊಳೆಯುವಂಥದು. ನಮ್ಮ ಲಿಖಿತ ಕಾವ್ಯದ ಕಡಲು ಆಧ್ಯಾತ್ಮಿಕವಾಗಿದ್ದಾಗ ಪಾಡ್ದನದ ಕಡಲು ಮಾನುಷವಾಗಿತ್ತು.

ಇನ್ನೂ ಹಿಂದಕ್ಕೆ ಹೋಗೋಣ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತು, 1903ರಲ್ಲಿ ಅಚ್ಚಾದ ಪಪೈರಸ್ ಓಲೆಯೊಂದರಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಓಲೆ ಸುಮಾರು ಎರಡನೆಯ ಶತಮಾನದ್ದು. ಭಾರತದ ಕಡಲ ತೀರದಲ್ಲಿ ಸೆರೆಯಾದ ಖಾರಿಷನ್ ಎಂಬ ಗ್ರೀಕ್ ತರುಣಿಯನ್ನು ಅವಳ ಕಡೆಯವರು ಹಡಗಿನಲ್ಲಿ ಬಂದು, ಇಲ್ಲಿಯ ಅರಸನಿಗೆ ನೀರು ಬೆರೆಸದ ಮದ್ಯ ಕುಡಿಸಿ, ಬಿಡಿಸಿಕೊಂಡು ಹೋಗುವುದು ಕತೆ. ಅದರಲ್ಲಿ ಸ್ಥಳೀಯರ ಬಾಯಲ್ಲಿ ಬರುವ ಮಾತು ಕನ್ನಡವೆಂದು ಹುಲ್ಟ್ಸ್ ಎಂಬ ವಿದ್ವಾಂಸರು 1904ರಲ್ಲಿ ಸೂಚಿಸಿದರು, ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ವಾದವನ್ನು ಬೆಳೆಸಿದರು, ಒಪ್ಪದವರೂ ಇದ್ದಾರೆ. ಭಾಷೆಯ ವಿವಾದ ಹೇಗೇ ತೀರ್ಮಾನವಾಗಲಿ, ಒಂದು ಸಂಗತಿ ಸ್ವಾರಸ್ಯಕರ. ಅದರಲ್ಲಿ ಭಾರತದ ದಡ ಕಾಣುವುದು ಹಡಗಿನಿಂದ. ನಾವು ಹಡಗನ್ನು ನೋಡುತ್ತ ನಿಂತಿದ್ದಾಗ ಹಡಗಿನವರು ನಮ್ಮನ್ನು ನೋಡುತ್ತಿದ್ದರು, ಬರೆದೂ ಇಟ್ಟರು.

ಸರಕಿನ ಲೆಕ್ಕವೂ ಹಾಗೆಯೇ ಪರರ ಕೈಯಲ್ಲಿ ಉಳಿಯಿತು. ಹನ್ನೆರಡನೆಯ ಶತಮಾನದಲ್ಲಿ, ಕಲ್ಯಾಣದಲ್ಲಿ ವಚನಕಾರರು ಕಾಯಕದ ಮಾತನಾಡುತ್ತಿದ್ದ ಸುಮಾರಿಗೆ ಸ್ವಲ್ಪ ಮೊದಲು, ಅಬ್ರಹಾಂ ಬೆನ್ ಈಜು ಎಂಬ ಯಹೂದಿ ವರ್ತಕನು ಮಂಗಳೂರಿನಲ್ಲಿ ನೆಲೆಸಿದ್ದನು. ಏಡನ್ನಿನ ವರ್ತಕರೊಡನೆ ಅವನು ನಡೆಸಿದ ಪತ್ರವ್ಯವಹಾರ ಕೈರೋ ನಗರದ ಯಹೂದಿ ಮಂದಿರವೊಂದರ ಕೋಣೆಯಲ್ಲಿ ಎಂಟುನೂರು ವರ್ಷ ಉಳಿಯಿತು. ಇಲ್ಲಿಂದ ಮೆಣಸು, ಅಡಕೆ, ಕಬ್ಬಿಣ ಹೋದದ್ದು; ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಕಾಗದ ಬಂದದ್ದು; ಹಡಗು ಮುಳುಗಿ ಸರಕು ಹಾಳಾದದ್ದು, ಎಲ್ಲವೂ ಅದರಲ್ಲಿದೆ. ಅವನ ಕೈಕೆಳಗೆ ವ್ಯವಹಾರ ನೋಡುತ್ತಿದ್ದ ಬೊಮ್ಮನೆಂಬ ಸ್ಥಳೀಯನ ಸುಳಿವು ಹಿಡಿದು ಅಮಿತಾವ್ ಘೋಷ್ 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಬಂಗಾಳದ ಲೇಖಕನೊಬ್ಬ ಈಜಿಪ್ಟಿನ ಕಾಗದಗಳನ್ನು ಓದಿ ಇಂಗ್ಲಿಷಿನಲ್ಲಿ ಬರೆದು ತೋರಿಸಿದ ಮೇಲೆ, ನಮ್ಮ ಬೊಮ್ಮ ನಮಗೆ ಸಿಕ್ಕಿದ. ಇದರಲ್ಲಿ ಸಂತೋಷಕ್ಕೂ ಕಾರಣವಿದೆ, ನಾಚಿಕೆಗೂ ಕಾರಣವಿದೆ.

ಇಲ್ಲಿ ಇನ್ನೊಂದು ಆಕ್ಷೇಪ ಬರಬಹುದು. ಸರಕಿನ ಪಟ್ಟಿ ಬರೆಯುವುದು ಸುಂಕದ ಕಟ್ಟೆಯ ಗುಮಾಸ್ತನ ಕೆಲಸ, ಕವಿಗೆ ಅದೇತಕ್ಕೆ? ಪಟ್ಟಿಯೇ ಸಾಹಿತ್ಯವಲ್ಲವೆಂಬುದು ನಿಜ. ಆದರೆ ದೊಡ್ಡ ಲೇಖಕರು ಪಟ್ಟಿಗೆ ಹೆದರಿದವರಲ್ಲ. ಅಮೆರಿಕದ ಹರ್ಮನ್ ಮೆಲ್ವಿಲ್ 1841ರಲ್ಲಿ ತಿಮಿಂಗಿಲ ಬೇಟೆಯ ಹಡಗಿನಲ್ಲಿ ಕೂಲಿಯಾಗಿ ಹೋದವನು. ಹತ್ತು ವರ್ಷಗಳ ಮೇಲೆ ಹೊರಬಂದ 'ಮೋಬಿ ಡಿಕ್' ಕಾದಂಬರಿಯಲ್ಲಿ ಹಗ್ಗದ ದಪ್ಪ, ಈಟಿಯ ತೂಕ, ಕೊಬ್ಬನ್ನು ಕಾಯಿಸಿ ಎಣ್ಣೆ ತೆಗೆಯುವ ಕ್ರಮ, ಪೀಪಾಯಿಗಳ ಎಣಿಕೆ ಇವೆಲ್ಲ ಅಧ್ಯಾಯಗಟ್ಟಲೆ ಬರುತ್ತವೆ. ಓದುಗನಿಗೆ ಕೆಲವೆಡೆ ಬೇಸರವೂ ಆಗುತ್ತದೆ. ಆದರೆ ಆ ಬಿಳಿಯ ತಿಮಿಂಗಿಲವು ಇಷ್ಟು ಭಾರವಾದ ಪ್ರತಿಮೆಯಾದದ್ದು ಆ ಪೀಪಾಯಿಗಳಿಂದಲೇ. ಪೀಪಾಯಿ ಇಲ್ಲದಿದ್ದರೆ ಅದು ಮಕ್ಕಳ ಕತೆಯ ಭೂತವಾಗುತ್ತಿತ್ತು.

ಅಷ್ಟು ದೂರವೇಕೆ? ನೆರೆಯ ಮಲಯಾಳದ ತಕಳಿ ಶಿವಶಂಕರ ಪಿಳ್ಳೆಯವರ 'ಚೆಮ್ಮೀನ್' 1956ರಲ್ಲಿ ಬಂತು. ಮರುವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆಯಿತು. 1965ರಲ್ಲಿ ಚಿತ್ರವಾದ ಮೇಲಂತೂ ಎಲ್ಲರೂ ಅದನ್ನು ಪ್ರೇಮಕತೆಯೆಂದೇ ತಿಳಿದರು. ಕಡಲಿಗೆ ಹೋದ ಗಂಡನ ಜೀವ ದಡದಲ್ಲಿರುವ ಹೆಂಡತಿಯ ಶೀಲದಲ್ಲಿದೆ ಎಂಬ ನಂಬಿಕೆಯನ್ನೇ ಅದರ ತಿರುಳೆಂದು ಎತ್ತಿಹಿಡಿದರು. ಗಮನವಿಟ್ಟು ಓದಿದರೆ ಕಾಣುವುದೇ ಬೇರೆ. ಕರುತ್ತಮ್ಮನ ತಂದೆ ಚೆಂಬನ್‌ಕುಂಞಿಗೆ ಸ್ವಂತ ದೋಣಿ, ಸ್ವಂತ ಬಲೆ ಬೇಕು. ಹಣ ಕೊಟ್ಟವನು ಪರೀಕುಟ್ಟಿ ಎಂಬ ಸಣ್ಣ ಮೀನು ವ್ಯಾಪಾರಿ. ಸಾಲ ತೀರಲಿಲ್ಲ, ವ್ಯಾಪಾರಿ ಹಾಳಾದ. ಅವಳ ಪ್ರೇಮದೊಡನೆ ಈ ತೀರದ ಸಾಲವೂ ಹೆಣೆದುಕೊಂಡಿದೆ. ಹೀಗೆ ದುರಂತದ ಬೇರು ಕಡಲಮ್ಮನ ಶಾಪದಲ್ಲಿ ಎಷ್ಟಿದೆಯೋ ಅಷ್ಟೇ ಮೀನಿನ ಲೆಕ್ಕದಲ್ಲಿಯೂ ಇದೆ. ಬಂಗಾಳದ ಅದ್ವೈತ ಮಲ್ಲಬರ್ಮನ್ ತಾನೇ ಬೆಸ್ತರ ಮಾಲೋ ಕುಲದಲ್ಲಿ ಹುಟ್ಟಿದವನು. ತಿತಾಸ್ ನದಿಯನ್ನು ಕುರಿತ ಅವನ ಕಾದಂಬರಿ ಅವನು ತೀರಿಕೊಂಡ ಮೇಲೆ, 1956ರಲ್ಲೇ ಪ್ರಕಟವಾಯಿತು. ನದಿ ಬತ್ತಿದಾಗ ಕುಲವೇ ಚದರುವ ಆ ಕತೆಯಲ್ಲಿ ನೀರು ರೂಪಕವಲ್ಲ, ಊಟ. ಅದಕ್ಕಾಗಿಯೇ ಕೊನೆಗೆ ಅದು ಎಂಥ ರೂಪಕವನ್ನೂ ಮೀರಿಸುತ್ತದೆ.

ನಮ್ಮಲ್ಲಿ ಇಂಥ ಕೃತಿಗೆ ವಸ್ತುವಿನ ಬಡತನವೇನೂ ಇಲ್ಲ. ರಂಪಣಿ ಬಲೆಯನ್ನೇ ತೆಗೆದುಕೊಳ್ಳಿ. ಹಲವು ಮನೆಗಳವರ ತುಂಡು ಬಲೆಗಳನ್ನು ಜೋಡಿಸಿ ಮಾಡಿದ ಆ ಭಾರಿ ಬಲೆಯನ್ನು ದೋಣಿಯಲ್ಲಿ ಒಯ್ದು ಕಡಲಲ್ಲಿ ಅರ್ಧವೃತ್ತವಾಗಿ ಬಿಟ್ಟು, ಹತ್ತಾರು ಜನ ದಡದಲ್ಲಿ ನಿಂತು ಎರಡೂ ತುದಿಗಳಿಂದ ಎಳೆಯುತ್ತಿದ್ದರು. ಬಂಗುಡೆ, ಬೂತಾಯಿ ರಾಶಿರಾಶಿಯಾಗಿ ಬೀಳುತ್ತಿದ್ದವು, ಪಾಲು ಹಂಚಿಕೆಯಾಗುತ್ತಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಹೊರಗಡಲಿನಲ್ಲಿ ಸಿಕ್ಕಿಬಿತ್ತು. ರಂಪಣಿಯವರು ಪ್ರತಿಭಟಿಸಿದರು, ಸೋತರು. ಎಳೆಯುವವರಿಗೆಲ್ಲ ಪಾಲಿದ್ದ ಕಸುಬು ಹೋಗಿ, ಬಂಡವಾಳ ಹಾಕಿದವನ ಕಸುಬು ಬಂತು. ಒಂದು ಸಮಾಜ ತಲೆಕೆಳಗಾದ ಈ ಘಟನೆಗೆ ತಕ್ಕ ದೊಡ್ಡ ಕನ್ನಡ ಕಾದಂಬರಿಯನ್ನು ನಾವು ಇನ್ನೂ ಕಾಯುತ್ತಿದ್ದೇವೆ. ಉತ್ತರ ಕನ್ನಡದ ಯಶವಂತ ಚಿತ್ತಾಲರೂ ಗೋಕರ್ಣದ ಜಯಂತ ಕಾಯ್ಕಿಣಿಯವರೂ ಕಡಲ ಮಕ್ಕಳೇ. ಆದರೆ ಅವರ ಪ್ರತಿಭೆ ಹೆಚ್ಚಾಗಿ ಅರಳಿದ್ದು, ಕರಾವಳಿಯ ಯುವಕರನ್ನು ಸೆಳೆದುಕೊಂಡ ಮುಂಬಯಿಯ ಬೀದಿಗಳಲ್ಲಿ. ಅದೂ ಕರಾವಳಿಯ ಕತೆಯೇ ಹೌದು. ಮನುಷ್ಯರೇ ಸರಕಾಗಿ ಹೋದ ಕತೆ ಅದು.

ಹಡಗೂ ಈಗ ಹಳೆಯ ಹಡಗಲ್ಲ. ಮಂಗಳೂರಿನ ಹಳೆಯ ಬಂದರಿನಲ್ಲಿ ಅಳಿವೆಯ ಮರಳು ದಿಬ್ಬದಿಂದಾಗಿ ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ. ಅದು ಹೊರಗೆ ಲಂಗರು ಹಾಕಿ ನಿಲ್ಲಬೇಕು. ದೋಣಿಗಳು ಹೋಗಿ ಸರಕನ್ನು ತರಬೇಕು, ಒಯ್ಯಬೇಕು. ಮಂಜಿ, ಪತ್ತೇಮಾರಿ, ಮಚವೆಗಳ ತುಂಬ ಹೆಂಚು, ಅಕ್ಕಿಮುಡಿ, ಕಾಫಿಯ ಚೀಲ. ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು, ಮೂಗಿಗೆ ವಾಸನೆ ಬರುತ್ತಿತ್ತು, ಹೆಗಲಿಗೆ ಭಾರವಾಗುತ್ತಿತ್ತು. 1974ರ ಮೇ ತಿಂಗಳಲ್ಲಿ ಪಣಂಬೂರಿನ ಬಂದರು ಮಹಾಬಂದರೆನಿಸಿತು. 1975ರ ಜನವರಿ 11ರಂದು ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಮುಂದೆ ಕುದುರೆಮುಖದ ಕಬ್ಬಿಣದ ಅದಿರು ನೀರಿನೊಡನೆ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಹರಿದು ಅಲ್ಲಿಗೆ ಬಂತು. ಒಂದು ಬೆಟ್ಟ ಕರಗಿ ಹಡಗು ಹತ್ತುತ್ತಿದ್ದರೂ ದಡದಲ್ಲಿ ನಿಂತವನಿಗೆ ಬೆಟ್ಟ ಕಾಣಲಿಲ್ಲ. ಸುಪ್ರೀಂ ಕೋರ್ಟಿನ ಆಜ್ಞೆಯಂತೆ 2005ರ ಕೊನೆಗೆ ಆ ಗಣಿಗಾರಿಕೆ ನಿಂತಿತು. ಇಂದು ಕಚ್ಚಾ ತೈಲ, ಅನಿಲ, ಕಲ್ಲಿದ್ದಲು, ಗೊಬ್ಬರ, ಆಫ್ರಿಕದ ಗೇರುಬೀಜ ಬರುತ್ತವೆ. ಕಾಫಿ ಹೋಗುವುದೂ ಮುಚ್ಚಿದ ಉಕ್ಕಿನ ಪೆಟ್ಟಿಗೆಯಲ್ಲಿ. ಪೆಟ್ಟಿಗೆಯೊಳಗೆ ಏನಿದೆಯೆಂದು ಅದನ್ನು ಎತ್ತಿಡುವ ಯಂತ್ರ ನಡೆಸುವವನಿಗೂ ಗೊತ್ತಿರಬೇಕಾಗಿಲ್ಲ.

ಪಣಂಬೂರಿನ ದಂಡೆಯಲ್ಲಿ ಸಂಜೆ ನಿಂತರೆ ಸರದಿಗಾಗಿ ಹೊರಗೆ ಕಾಯುವ ಹಡಗುಗಳ ದೀಪಗಳು ಸಾಲಾಗಿ ಹೊತ್ತಿಕೊಳ್ಳುವುದನ್ನು ಕಾಣಬಹುದು. ನೋಡಲು ಅಂದವೇ. ಆದರೆ ನೋಡಬಲ್ಲವನಿಗೆ ಹಗಲಿನಲ್ಲಿ ಇನ್ನೂ ಹೆಚ್ಚು ಕಾಣುತ್ತದೆ. ಬರಿದಾದ ಹಡಗು ನೀರಿನ ಮೇಲೆ ಎತ್ತರ ನಿಲ್ಲುತ್ತದೆ; ಹೊಟ್ಟೆಯ ಕೆಂಪು ಬಣ್ಣ ತೋರುತ್ತದೆ. ತುಂಬಿದ ಹಡಗು ತಗ್ಗಿ ಕುಳಿತಿರುತ್ತದೆ. ಅದರ ಪಕ್ಕದಲ್ಲಿ ಒಂದು ವೃತ್ತ, ಅದರ ನಡುವೆ ಒಂದು ಗೆರೆ ಬರೆದಿರುತ್ತದೆ. ಮಿತಿಮೀರಿ ಸರಕು ಹೇರಿ, ವಿಮೆಯ ಹಣದ ಭರವಸೆಯಿಂದ ನಾವಿಕರನ್ನು ಸಾವಿಗೆ ಕಳಿಸುತ್ತಿದ್ದ ಹಡಗಿನ ಒಡೆಯರ ವಿರುದ್ಧ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಹೋರಾಡಿದನು. 1876ರ ಕಾಯಿದೆಯಿಂದ ಆ ಗೆರೆ ಅಲ್ಲಿ ಕಡ್ಡಾಯವಾಯಿತು. ಇಂದು ಲೋಕದ ಸರಕು ಹಡಗುಗಳೆಲ್ಲ ಇಂಥ ಗೆರೆಯನ್ನು ಹೊತ್ತಿವೆ. ಗೆರೆ ನೀರಿನೊಳಗೆ ಮುಳುಗಬಾರದು. ಅಷ್ಟೇ ಅದರ ಅರ್ಥ. ಆ ಒಂದು ಗೆರೆಯಲ್ಲಿ ಎಷ್ಟು ಜನರ ಪ್ರಾಣದ ಚರಿತ್ರೆ ಅಡಗಿದೆ! ಹಡಗಿನ ಮೈಮೇಲೆಯೇ ಹೀಗೆ ಬರಹವಿರುವಾಗ, ಅದನ್ನು ಓದದೆ ಅದರಾಚೆಯ ಮೋಡವನ್ನು ಮಾತ್ರ ವರ್ಣಿಸುವ ಕವಿಯನ್ನು ಏನೆನ್ನಬೇಕು?

ಇದು ಬರಿಯ ಸಾಹಿತ್ಯವಿಮರ್ಶೆಯ ಮಾತಾಗಿದ್ದರೆ ಇಷ್ಟು ಒತ್ತಿ ಹೇಳಬೇಕಾಗಿರಲಿಲ್ಲ. ಹಡಗಿನೊಳಗೆ ಏನಿದೆ ಎಂಬುದು ಈಗ ದಡದವರಿಗೆ ತಿಳಿಯುವುದು ಹಡಗು ಮುಳುಗಿದಾಗ ಮಾತ್ರ. 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ 'ಪ್ರಿನ್ಸೆಸ್ ಮಿರಾಲ್' ಎಂಬ ಹಡಗು ಮುಳುಗಿತು. ಅದರಲ್ಲಿದ್ದ 15 ಜನ ಸಿರಿಯಾದವರನ್ನು ತಟರಕ್ಷಣೆಯವರು ಕಾಪಾಡಿದರು. ಚೀನದಿಂದ ಲೆಬನಾನಿಗೆ ಉಕ್ಕಿನ ಸುರುಳಿಗಳು ನಮ್ಮ ಕಣ್ಣೆದುರಿನಿಂದಲೇ ಹೋಗುತ್ತವೆಂದು ಉಳ್ಳಾಲದವರಿಗೆ ಅಂದು ತಿಳಿಯಿತು. 2025ರ ಮೇ 25ರಂದು ಕೊಚ್ಚಿಯ ಕಡಲಿನಲ್ಲಿ 'ಎಂಎಸ್‌ಸಿ ಎಲ್ಸಾ 3' ಮುಳುಗಿದಾಗ ಅದರಲ್ಲಿ 640 ಪೆಟ್ಟಿಗೆಗಳಿದ್ದವು. ಕೆಲವು ಕೇರಳದ ದಂಡೆಗೆ ತೇಲಿಬಂದವು. ಅಕ್ಕಿಕಾಳಿನಂಥ ಪ್ಲಾಸ್ಟಿಕ್ ಹರಳುಗಳು ಮರಳಿನಲ್ಲಿ ಬೆರೆತವು; ಬೆಸ್ತರು ಆ ನೀರಿಗೆ ಹೋಗದಂತಾಯಿತು. ಅನಂತದ ಸಂಕೇತವೆಂದು ನಾವು ಹಾಡಿದ ಹಡಗು ದಡದವರ ಊಟದ ತಟ್ಟೆಗೆ ಕೈಹಾಕಿತು.

ದಡಕ್ಕೆ ಬಾರದೆ ಹೋದದ್ದೂ ಇದೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಜನರನ್ನು ಹೊತ್ತು ಮೀನುಗಾರಿಕೆಗೆ ಹೋದ 'ಸುವರ್ಣ ತ್ರಿಭುಜ' ಬೋಟು ಎರಡು ದಿನಗಳ ಮೇಲೆ ಸಂಪರ್ಕ ಕಳೆದುಕೊಂಡಿತು. ಮಹಾರಾಷ್ಟ್ರದ ಮಾಲ್ವಣದ ಕಡಲಿನಾಳದಲ್ಲಿ ಅದರ ಅವಶೇಷ ಪತ್ತೆಯಾದದ್ದು 2019ರ ಮೇ ತಿಂಗಳ ಆರಂಭದಲ್ಲಿ. ನಾಲ್ಕೂವರೆ ತಿಂಗಳು ಏಳು ಮನೆಗಳವರು ಕಾದರು. ಕಡಲನ್ನು ನೋಡುವುದೆಂದರೆ ಏನೆಂದು ಆ ಏಳು ಮನೆಗಳ ಹೆಂಗಸರಿಗಿಂತ ಚೆನ್ನಾಗಿ ಬಲ್ಲವರುಂಟೆ? ಅವರ ನೋಟದಲ್ಲಿ ಹಂಬಲವೂ ಇತ್ತು, ಅನಂತವೂ ಇತ್ತು. ಆದರೆ ಅದಕ್ಕೆ ಹೆಸರಿತ್ತು, ದಿನಗಳ ಲೆಕ್ಕವಿತ್ತು. ನಮ್ಮ ಕಾವ್ಯದ ಹಂಬಲಕ್ಕೆ ಬೇಕಾದ ಭಾರ ಅದು.

ಹಾಗೆಂದು ಕವಿಗಳೆಲ್ಲ ನಾಳೆಯಿಂದ ಬಂದರಿನ ವರದಿ ಬರೆಯಲಿ ಎಂದು ನಾವು ಹೇಳುತ್ತಿಲ್ಲ. ಪ್ರಗತಿಶೀಲರ ಕಾಲದಲ್ಲಿ ಕೂಲಿಯವನ ಹೆಸರು ಬಂದರೆ ಸಾಕು ಸಾಹಿತ್ಯವಾಯಿತೆಂಬ ಭ್ರಮೆಯೊಂದಿತ್ತು. ಅದನ್ನು ಪುನಃ ಎಬ್ಬಿಸಬೇಕಾಗಿಲ್ಲ. ರೂಪಕವನ್ನು ಬಿಡಬೇಕೆಂದೂ ಅಲ್ಲ. ರೂಪಕವನ್ನು ದುಡಿದು ಗಳಿಸಬೇಕು, ಅಷ್ಟೆ. ಗೋಪೀಚಂದನದ ಹೆಂಟೆಯನ್ನು ಒಡೆದ ಮೇಲಲ್ಲವೆ ವಿಗ್ರಹ ಕಂಡದ್ದು? ಹೆಂಟೆಯನ್ನು ಮುಟ್ಟದೆ ವಿಗ್ರಹವನ್ನು ಧ್ಯಾನಿಸುವುದು ಸುಲಭ. ಹಾಗೆ ಧ್ಯಾನಿಸಿದ್ದು ಬಹುಬೇಗ ಹಳಸುತ್ತದೆ.

ಮಾಡಬಹುದಾದ ಕೆಲಸವೂ ಹತ್ತಿರದಲ್ಲೇ ಇದೆ. ತರಗತಿಯಲ್ಲಿ ಪತ್ತೇಮಾರಿ ಎಂದರೆ ಏನೆಂದು ಕೇಳಿದರೆ ಕರಾವಳಿಯ ಹುಡುಗರೇ ಮುಖ ನೋಡುತ್ತಾರೆ. ಅವರ ಅಜ್ಜಂದಿರಿಗೆ ಅದು ಗೊತ್ತು. ಮಂಗಳೂರಿನ ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ, ಇಟ್ಟಿಗೆ ಹೇರಿಕೊಂಡು ಹೋಗುವ ಮರದ ಮಂಜಿಗಳು ಇನ್ನೂ ಇವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಕಡಲು ನಿಷಿದ್ಧ. ಆ ಎರಡು ತಿಂಗಳು ತಾಂಡೇಲರು ದಡದಲ್ಲಿರುತ್ತಾರೆ, ಬಲೆ ನೇಯುತ್ತಿರುತ್ತಾರೆ, ಮಾತಿಗೆ ಸಿಗುತ್ತಾರೆ. ಅವರ ಮಕ್ಕಳು ಈಗ ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಅನುಭವವೂ ಲೇಖನಿಯೂ ಒಂದೇ ಮನೆಯಲ್ಲಿ ಸೇರುವ ಕಾಲ ನಮ್ಮ ಕರಾವಳಿಗೆ ಈಗ ಬಂದಿದೆ. ಆ ಮಕ್ಕಳು ಬರೆಯಲು ಕುಳಿತಾಗ ನಾವು, ಅಧ್ಯಾಪಕರೂ ವಿಮರ್ಶಕರೂ, ಅವರ ಕೈಗೆ ಸೂರ್ಯಾಸ್ತದ ಹಳೆಯ ಪದ್ಯಗಳನ್ನೇ ಮಾದರಿಯಾಗಿ ಕೊಟ್ಟರೆ ಅವರೂ ತಮ್ಮ ಮನೆಯ ಮಾತನ್ನು ಮರೆತು ಎಲ್ಲರ ಹಾಗೆ ಕ್ಷಿತಿಜವನ್ನು ನೋಡತೊಡಗುತ್ತಾರೆ. ಹಾಗಾಗಬಾರದು. ಅವರು ಬರೆದು ತಂದದ್ದನ್ನು ಓದುವ ಮೊದಲು ನಾವು ಅವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಹಡಗಿನಲ್ಲೇನು ಬಂತು, ಅದನ್ನು ಇಳಿಸಿದವರು ಯಾರು?